ಕಪಾಟಿನ ಕೀಲಿಕೈ: ನಮ್ಮ ಸೀಮೆಯ ಮಕ್ಕಳ ಓದಿನ ಚರಿತ್ರೆ

ಊರಿನ ಶಾಲೆಯ ಸ್ಮರಣ ಸಂಚಿಕೆ ಎಂದಮೇಲೆ ಅದರಲ್ಲಿ ಜಾಗ ಕೊಟ್ಟವರ ಹೆಸರು, ಕಟ್ಟಡ ಕಟ್ಟಿಸಿದವರ ಫೋಟೊ, ಹಿಂದಿನ ಮಾಸ್ತರರ ಪಟ್ಟಿ, ಮುಲ್ಕಿ ಪರೀಕ್ಷೆಯಲ್ಲಿ ಮೇಲೆ ಬಂದವರ ವಿವರ ಇರಬೇಕಾದ್ದೇ. ಈ ಗದ್ದಲದಲ್ಲಿ ಒಂದು ವಸ್ತುವಿನ ಚರಿತ್ರೆ ಮಾತ್ರ ಬಹುತೇಕ ಬಿಟ್ಟುಹೋಗುತ್ತದೆ. ಅದು ಪುಸ್ತಕದ ಕಪಾಟು. ಧಾರೇಶ್ವರದಿಂದ ಬಡಗಣಕ್ಕೆ ಕುಮಟಾ, ತೆಂಕಣಕ್ಕೆ ಹೊನ್ನಾವರದವರೆಗೆ ಹೆದ್ದಾರಿಯ ಅಕ್ಕಪಕ್ಕದ ಶಾಲೆಗಳಲ್ಲಿ ಓದಿದವರನ್ನು ಕೇಳಿ ನೋಡಿ. ಆಫೀಸು ಕೋಣೆಯ ಮೂಲೆಯಲ್ಲಿ, ಭೂಪಟದ ಸುರುಳಿಗಳ ಪಕ್ಕ ನಿಂತಿದ್ದ ಕಪಾಟು ಎಲ್ಲರಿಗೂ ನೆನಪಿದೆ. ಅದರೊಳಗಿನ ಒಂದು ಪುಸ್ತಕದ ಹೆಸರು ಹೇಳಿ ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ಹಾಗೆಂದು ಕನ್ನಡದಲ್ಲಿ ಮಕ್ಕಳಿಗೆ ಪುಸ್ತಕ ಇರಲಿಲ್ಲ ಎಂದಲ್ಲ. ಮಕ್ಕಳಿಗಾಗಿ ಬರೆಯುವ ಕೆಲಸ ನಮ್ಮ ಭಾಷೆಯಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ನಡೆದಿದೆ, ಅದನ್ನು ಮಾಡಿದವರು ದೊಡ್ಡ ದೊಡ್ಡ ಲೇಖಕರೇ. ಸಾರ್ವಜನಿಕ ಗ್ರಂಥಾಲಯ ಕಟ್ಟುವ ಕೆಲಸವೂ ಸಣ್ಣದಾಗೇನೂ ನಡೆಯಲಿಲ್ಲ; ಅದಕ್ಕೆ ಕಾನೂನಿದೆ, ತೆರಿಗೆಯಿದೆ, ಇಲಾಖೆಯಿದೆ. ಆದರೆ ಬರೆಯುವವರು ಒಂದು ದಾರಿ ಹಿಡಿದರು, ಗ್ರಂಥಾಲಯ ಇನ್ನೊಂದು ದಾರಿ ಹಿಡಿಯಿತು. ಹಳ್ಳಿಯ ಮಗುವಿನ ಮಟ್ಟಿಗೆ ಈ ಎರಡು ದಾರಿಗಳು ಕೂಡಿದ್ದು ತೀರ ಈಚೆಗೆ. ಈ ಲೇಖನ ಹೇಳಹೊರಟಿರುವುದು ಆ ವಿಳಂಬದ ಕಥೆಯನ್ನು.

ಪುಸ್ತಕ ಕೈಗೆ ಬರುವ ಮೊದಲು ನಮ್ಮ ಕಡೆ ಓದು ಕಿವಿಗೆ ಬರುತ್ತಿತ್ತು. ಮಳೆಗಾಲದಲ್ಲಿ ಗದ್ದೆ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಜೈಮಿನಿ ಭಾರತವನ್ನೋ ಗದುಗಿನ ಭಾರತವನ್ನೋ ತೊರವೆ ರಾಮಾಯಣವನ್ನೋ ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಮಕ್ಕಳು ತೂಕಡಿಸುತ್ತ ಕೇಳುವುದು. ಇದರ ಜೊತೆಗೆ ತಾಳಮದ್ದಲೆ. ಉಡುಪಿಯ ಪಾವಂಜೆ ಗುರುರಾಯರ ಅಂಗಡಿಯಿಂದ ಬರುತ್ತಿದ್ದ ಅಗ್ಗದ ಯಕ್ಷಗಾನ ಪ್ರಸಂಗದ ಪುಸ್ತಕಗಳು ಕರಾವಳಿಯ ಮನೆಮನೆಗಳಲ್ಲಿದ್ದವು. ಅಕ್ಷರ ಕಲಿತ ಮಗು ಪಠ್ಯದ ಹೊರಗೆ ಮೊದಲು ಬೆರಳಿಟ್ಟು ಓದಿದ್ದು ಬಹಳ ಮನೆಗಳಲ್ಲಿ ಪ್ರಸಂಗದ ಪದ್ಯವನ್ನೇ. ಮಕ್ಕಳ ಸಾಹಿತ್ಯದ ಚರಿತ್ರೆ ಬರೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಸೀಮೆಯ ಮಟ್ಟಿಗೆ ಹಿಡಿಯಲೇಬೇಕು. ಐದನೆಯ ಇಯತ್ತೆ ದಾಟದವರೂ ಅಭಿಮನ್ಯುವಿನ ಮಾತಿಗೆ ಮಾತು ಕೂಡಿಸಿ ಅರ್ಥ ಹೇಳುತ್ತಿದ್ದರೆಂದರೆ ಅದರ ಹಿಂದೆ ಈ ಓದಿತ್ತು.

ಶಾಲೆಯ ಪುಸ್ತಕ ಬಂದದ್ದು ಬೇರೆ ದಿಕ್ಕಿನಿಂದ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿದ್ದ ಕಾಲವದು. ಆ ಬದಲಾವಣೆಯಿಂದ ನಮ್ಮ ಶಾಲೆಗಳು ಮಂಗಳೂರಿನಿಂದ ದೂರವಾಗಿ ಧಾರವಾಡಕ್ಕೆ ಹತ್ತಿರವಾದವು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯ 1841ರಿಂದಲೇ ಕೆಲಸ ಮಾಡುತ್ತಿತ್ತು. ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ನಿಲ್ಲಿಸಲು ಹೆಣಗುತ್ತಿದ್ದರು. 1865ರಲ್ಲಿ ಶಿಕ್ಷಕರಿಗಾಗಿ ‘ಮಠಪತ್ರಿಕೆ’ ಹುಟ್ಟಿತು. ಮುಂದೆ ಹೆಸರು ಬದಲಿಸುತ್ತ ‘ಜೀವನ ಶಿಕ್ಷಣ’ವಾದ ಪತ್ರಿಕೆ ಇದೇ. ಇವೆಲ್ಲ ದೊಡ್ಡ ಕೆಲಸಗಳು. ಆದರೆ ಇವುಗಳ ಗುರಿ ಶಾಲೆ, ಶಿಕ್ಷಕ, ಪರೀಕ್ಷೆ. ಮಗು ತಾನಾಗಿ ಆರಿಸಿಕೊಂಡು, ಯಾರಿಗೂ ಒಪ್ಪಿಸದೆ ಓದುವ ಪುಸ್ತಕ ಇನ್ನೂ ಬಂದಿರಲಿಲ್ಲ.

ಅದನ್ನು ತಂದವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಬಡತನದಲ್ಲಿ ಓದಿ, ಮಾಸ್ತರರಾಗಿ, ಶಾಲಾ ತನಿಖೆಯ ಅಧಿಕಾರಿಯಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ಕೆಲಸ ಮಾಡಿದವರು; 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಶಾಲೆಯ ತನಿಖೆಗೆ ಬಂದ ಸಾಹೇಬರು ಮಕ್ಕಳಿಗೆ ಕಥೆ ಹೇಳಿ ಹಾಡಿಸಿ ಹೋಗುತ್ತಿದ್ದರೆಂಬ ನೆನಪು ದಕ್ಷಿಣ ಕನ್ನಡದಲ್ಲಿ ಬಹುಕಾಲ ಉಳಿದಿತ್ತು. ಅವರು ಮತ್ತು ಅವರ ಗೆಳೆಯರು ಸೇರಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿ, ಮಕ್ಕಳ ಕೈಗೆ ಹಿಡಿಸುವಂಥ ಪುಟ್ಟ ಪುಸ್ತಕಗಳನ್ನು ಅಚ್ಚು ಹಾಕಿಸಿದರು.

ಪಂಜೆಯವರ ಒಂದು ಕಥೆಯನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ‘ಸಿಗಡಿ ಯಾಕೆ ಒಣಗಲಿಲ್ಲ?’ ಧಾರೇಶ್ವರದ ಕಡಲ ದಂಡೆಯ ಮಗುವಿಗೆ ಈ ಹೆಸರು ಕೇಳಿದ ಕೂಡಲೇ ಅರ್ಧ ಕಥೆ ಗೊತ್ತಾಗುತ್ತದೆ. ಮಳೆಗಾಲ ಬರುವ ಮೊದಲು ದಂಡೆಯ ಮರಳಿನ ಮೇಲೆ, ಮನೆಯ ಅಂಗಳದಲ್ಲಿ, ಹಳೇ ಬಲೆಯ ಮೇಲೆ ಶೆಟ್ಲಿ (ಸಿಗಡಿ) ಹರವಿ, ಕಾಗೆ ಓಡಿಸುತ್ತ ಕೂತವರೇ ಈ ಮಕ್ಕಳು. ಒಣಗದೆ ಹೋದರೆ ಎಷ್ಟು ನಷ್ಟ ಎನ್ನುವುದನ್ನು ಯಾರೂ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಕಥೆ ನಡೆಯುವುದು ಸರಪಳಿಯ ಹಾಗೆ. ಒಂದು ಪ್ರಶ್ನೆ, ಅದಕ್ಕೊಂದು ನೆಪ. ಆ ನೆಪದವನನ್ನು ಹಿಡಿದು ಕೇಳಿದರೆ ಅವನದು ಇನ್ನೊಂದು ನೆಪ. ಪ್ರತಿ ಸುತ್ತಿನಲ್ಲೂ ಮಗುವಿಗೆ ಮುಂದಿನ ಪ್ರಶ್ನೆ ಮೊದಲೇ ಗೊತ್ತಿರುತ್ತದೆ, ಉತ್ತರ ಮಾತ್ರ ಗೊತ್ತಿರುವುದಿಲ್ಲ. ಓದು ಈಗಷ್ಟೇ ಕಲಿಯುತ್ತಿರುವ ಮಗು ಇಂಥ ಕಥೆಯಲ್ಲಿ ಎಡವುವುದಿಲ್ಲ. ಗೊತ್ತಿರುವ ಮಾತು ಮತ್ತೆ ಮತ್ತೆ ಬಂದು ಅದಕ್ಕೆ ಧೈರ್ಯ ಕೊಡುತ್ತದೆ, ಗೊತ್ತಿಲ್ಲದ ಒಂದು ಮಾತು ಪುಟ ತಿರುವಿಸುತ್ತದೆ. ಓದು ಕಲಿಸುವ ಬಗ್ಗೆ ಇಂದು ತರಬೇತಿಗಳಲ್ಲಿ ಹೇಳುವುದನ್ನು ಪಂಜೆಯವರು ಒಣಮೀನಿನ ಅಂಗಳದಿಂದಲೇ ಎತ್ತಿಕೊಂಡು ಮಾಡಿ ತೋರಿಸಿದ್ದರು. ಉಪದೇಶ ತುಂಬಿದ ಮಕ್ಕಳ ಪುಸ್ತಕಗಳನ್ನು ನೋಡಿದಾಗಲೆಲ್ಲ ನನಗೆ ಈ ಕಥೆಯ ನೆನಪಾಗುತ್ತದೆ. ಇದರಲ್ಲಿ ಒಂದು ಸಾಲಿನ ಬುದ್ಧಿಮಾತೂ ಬೇಕಾಗಿಲ್ಲ.

ಪಂಜೆಯವರ ಹಿಂದೆಯೇ ಒಂದು ಸಾಲು ಹೊರಟಿತು. ಮೈಸೂರಿನ ಕಡೆ ಹೊಯಿಸಳ, ‘ತುತ್ತೂರಿ’ಯ ಜಿ.ಪಿ. ರಾಜರತ್ನಂ, ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಕುವೆಂಪು. ಪುತ್ತೂರಿನಲ್ಲಿ ಶಿವರಾಮ ಕಾರಂತರು. ಕಾರಂತರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು 1930ರ ದಶಕದಲ್ಲಿ ಬಂದವು. ನಕ್ಷತ್ರ, ಪ್ರಾಣಿ, ಯಂತ್ರ, ದೇಶವಿದೇಶ ಎಲ್ಲವನ್ನೂ ಕನ್ನಡದ ಮಗುವಿಗೆ ಚಿತ್ರದ ಸಮೇತ ಕೊಡಬೇಕೆಂದು ಒಬ್ಬ ಮನುಷ್ಯ ತಾನೇ ಕೂತು ಬರೆದದ್ದು. ಅದೇ ಹಂಬಲ ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವಾಗಿ ಬೆಳೆಯಿತು. ಸರಕಾರ, ವಿಶ್ವವಿದ್ಯಾಲಯಗಳು ಮಾಡಬೇಕಾದ್ದನ್ನು ಒಂಟಿಯಾಗಿ ಮಾಡಿದವರ ಪಟ್ಟಿಯಲ್ಲಿ ಕಾರಂತರ ಹೆಸರು ಮೊದಲಿಗೆ ಬರುತ್ತದೆ.

ನಮ್ಮ ಜಿಲ್ಲೆಯ ಪಾಲಿಗೆ ಈ ಸಾಲಿನಲ್ಲಿ ನಿಲ್ಲುವವರು ದಿನಕರ ದೇಸಾಯಿಯವರು. 1909ರಲ್ಲಿ ಅಂಕೋಲಾ ತಾಲೂಕಿನಲ್ಲಿ ಹುಟ್ಟಿದ ಅವರು ಭಾರತ ಸೇವಕ ಸಮಾಜ ಸೇರಿ ಮುಂಬಯಿಯ ಕಾರ್ಮಿಕರ ನಡುವೆ ದುಡಿದರು. ಇಲ್ಲಿ ಗೇಣಿ ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಐದು ವರ್ಷ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದುಬಂದರು. ಕನ್ನಡ ಅವರನ್ನು ಚುಟುಕದ ಕವಿಯೆಂದು ನೆನೆಯುತ್ತದೆ. ಮಕ್ಕಳು ನೆನೆಯುವುದು ‘ಗಡಿಯಾರ’ ಪದ್ಯದಿಂದ. ಪಠ್ಯದಲ್ಲಿ ಸೇರಿ ತಲೆಮಾರುಗಳ ಬಾಯಲ್ಲಿ ಉಳಿದ ಪದ್ಯವದು. ಸಂಸತ್ತಿಗೆ ಹೋದ ಮನುಷ್ಯ ಮಕ್ಕಳ ಪದ್ಯ ಬರೆಯುವುದನ್ನು ಸಣ್ಣ ಕೆಲಸವೆಂದು ಬಗೆಯಲಿಲ್ಲ. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಉದ್ದಕ್ಕೂ ಹೈಸ್ಕೂಲುಗಳನ್ನು ತೆರೆಯಿತು, 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜನ್ನು ತೆರೆಯಿತು. ಶುಲ್ಕ ಕಟ್ಟಲಾರದ ಹಾಲಕ್ಕಿಯವರ, ನಾಮಧಾರಿಯವರ, ಮೀನುಗಾರರ ಮಕ್ಕಳು ಹೈಸ್ಕೂಲಿನ ಹೊಸ್ತಿಲು ತುಳಿದದ್ದು ಇಂಥ ಶಾಲೆಗಳಿಂದ. ಓದುಗರು ಮೊದಲು ಹುಟ್ಟಬೇಕು, ಆಮೇಲೆ ಪುಸ್ತಕ. ದೇಸಾಯಿಯವರು ಎರಡೂ ಕಡೆ ದುಡಿದರು.

ಇನ್ನು ಗ್ರಂಥಾಲಯದ ದಾರಿ. ಅದು ಬಡೋದೆಯಿಂದ ಶುರುವಾಗುತ್ತದೆ. 1910ರ ಸುಮಾರಿಗೆ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ಬೋರ್ಡನ್ ಎಂಬುವರನ್ನು ಕರೆಸಿ ಊರೂರಿಗೆ ಪುಸ್ತಕಾಲಯ ಕಟ್ಟಿಸಿದರು. ಕಟ್ಟಡವಿಲ್ಲದ ಹಳ್ಳಿಗೆ ಮರದ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸಿದರು. ಮುಂಬಯಿ ಪ್ರಾಂತದಲ್ಲಿ 1939ರಲ್ಲಿ ಫೈಜಿಯವರ ಅಧ್ಯಕ್ಷತೆಯ ಸಮಿತಿ ಕೂತು, ಜಿಲ್ಲೆಯಿಂದ ಹಳ್ಳಿಯವರೆಗೆ ಗ್ರಂಥಾಲಯಗಳ ಒಂದು ಏಣಿಯನ್ನೇ ಯೋಜಿಸಿತು. ಯುದ್ಧ ಬಂದು ಯೋಜನೆ ಹಿಂದೆ ಬಿತ್ತು, ಸ್ವಾತಂತ್ರ್ಯದ ಹೊತ್ತಿಗೆ ತುಸು ಚಾಲನೆ ಸಿಕ್ಕಿತು. ಏಣಿಯ ಕೆಳಗಿನ ಮೆಟ್ಟಿಲು ಹಳ್ಳಿಗೆ ತಾಗಲಿಲ್ಲ.

ಈ ನಡುವೆ ಮಂಗಳೂರಿನ ಸರಕಾರಿ ಕಾಲೇಜಿಗೆ 1917ರಲ್ಲಿ ಗಣಿತದ ಉಪನ್ಯಾಸಕರಾಗಿ ಒಬ್ಬ ತಮಿಳು ತರುಣ ಬಂದಿದ್ದರು. ಹೆಸರು ಎಸ್.ಆರ್. ರಂಗನಾಥನ್. ಕೆಲವೇ ವರ್ಷಗಳಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಬರೆದರು. ಮೊದಲನೆಯ ಸೂತ್ರವೇ ಪುಸ್ತಕದ ಬಳಕೆಯನ್ನು ಕುರಿತದ್ದು. ಒಂದು ಕಾಲಕ್ಕೆ ಯುರೋಪಿನಲ್ಲಿ ಪುಸ್ತಕಗಳನ್ನು ಮೇಜಿಗೆ ಸರಪಳಿ ಹಾಕಿ ಕಟ್ಟುತ್ತಿದ್ದರು, ಕಾಯುವುದೇ ಗ್ರಂಥಪಾಲಕನ ಕೆಲಸವಾಗಿತ್ತು. ಆ ಬುದ್ಧಿ ಬಿಡಬೇಕು ಎಂಬುದು ಅವರ ವಾದದ ಜೀವಾಳ. ಅವರು ಮುಂದೆ ಬೆಂಗಳೂರಿನಲ್ಲೇ ನೆಲೆಸಿದರು. ಅವರು ತಿದ್ದಿಕೊಟ್ಟ ಮಾದರಿಯ ನೆರಳಿನಲ್ಲೇ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲಿ ಬಂತು. ಕಾಯ್ದೆಯ ಬಲ ಅದರ ಕರದಲ್ಲಿದೆ. ಮನೆ, ನಿವೇಶನಗಳ ತೆರಿಗೆಯ ಮೇಲೆ ಇಂದು ರೂಪಾಯಿಗೆ 6 ಪೈಸೆ ಗ್ರಂಥಾಲಯದ ಹೆಸರಿನಲ್ಲಿ ವಸೂಲಾಗುತ್ತದೆ. ಪಂಚಾಯತಿಗೆ ಮನೆಪಟ್ಟಿ ಕಟ್ಟುವ ಪ್ರತಿಯೊಬ್ಬರೂ ಒಂದು ಪುಸ್ತಕದ ಒಂದೆರಡು ಪುಟ ಕೊಂಡಿರುತ್ತಾರೆ. ರಶೀದಿಯಲ್ಲಿ ಆ ಸಾಲನ್ನು ಹುಡುಕಿ ನೋಡುವವರು ಕಡಿಮೆ.

ಕಾನೂನಿಗೆ ಕಾಯದೆ ಕೆಲಸ ಮಾಡಿದವರೂ ನಮ್ಮ ಕುಮಟಾ ತಾಲೂಕಿನಲ್ಲೇ ಇದ್ದರು. ಗೋಕರ್ಣದಲ್ಲಿ ವೇದೇಶ್ವರರು ಸ್ವಾತಂತ್ರ್ಯ ಚಳವಳಿಯ ಕಾವಿನಲ್ಲಿ ಶುರುಮಾಡಿದ ಸ್ಟಡಿ ಸರ್ಕಲ್ ಗ್ರಂಥಾಲಯ ಒಬ್ಬ ಮನುಷ್ಯನ ಇಡೀ ಆಯುಷ್ಯವನ್ನು ತೆಗೆದುಕೊಂಡ ಕೆಲಸ. ಕನ್ನಡದ ಜೊತೆಗೆ ಎಷ್ಟೋ ದೇಶಭಾಷೆಗಳ, ಪರದೇಶಗಳ ಪುಸ್ತಕ, ಪತ್ರಿಕೆಗಳು ಅಲ್ಲಿ ಕೂಡಿದವು. ಅದೇ ಊರಿನ ಭದ್ರಕಾಳಿ ಹೈಸ್ಕೂಲಿನಲ್ಲಿ ಗೌರೀಶ ಕಾಯ್ಕಿಣಿಯವರು ಪಾಠ ಹೇಳುತ್ತಿದ್ದರು. ತಾಲೂಕಿನ ಹನೇಹಳ್ಳಿಯಿಂದ ಗಂಗಾಧರ, ಯಶವಂತ ಚಿತ್ತಾಲರು ಬಂದರು. ಇಷ್ಟು ಸಣ್ಣ ಸೀಮೆಯಿಂದ ಇಷ್ಟೊಂದು ಬರೆಹಗಾರರು ಹೇಗೆ ಎಂದು ಹೊರಗಿನವರು ಕೇಳುವುದುಂಟು. ನಾನು ಕೊಡುವ ಉತ್ತರ ಇಷ್ಟೇ: ಪುಸ್ತಕವನ್ನು ಕೈಗೆ ಕೊಟ್ಟು, ಓದಿ ಮುಗಿಸಿದೆಯಾ ಎಂದು ಕೇಳುವ ಒಬ್ಬ ಮಾಸ್ತರು ಇಲ್ಲಿನ ಹಲವು ಊರುಗಳಲ್ಲಿ ಇದ್ದರು.

ಅಂಥವರು ಇಲ್ಲದ ಊರಿನಲ್ಲಿ? ಕಾಯ್ದೆ ಬಂದ ಮೇಲೂ ಬಹುಕಾಲ ಸಾರ್ವಜನಿಕ ಗ್ರಂಥಾಲಯ ದೊಡ್ಡವರದಾಗಿಯೇ ಉಳಿಯಿತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಮಕ್ಕಳಿಗೆಂದೇ ಗ್ರಂಥಾಲಯವಿತ್ತು. ಹಳ್ಳಿಯ ವಾಚನಾಲಯವೆಂದರೆ ಎರಡು ಬೆಂಚು, ಒಂದು ಮೇಜು, ಆ ದಿನದ ಪತ್ರಿಕೆಗಳು, ಪತ್ರಿಕೆಯ ಹಾಳೆ ಹಂಚಿಕೊಂಡು ಓದುವ ನಾಲ್ಕಾರು ಹಿರಿಯರು. ಪುಸ್ತಕ ಮನೆಗೆ ಬೇಕೆಂದರೆ ಠೇವಣಿ ಕಟ್ಟಬೇಕು. ಮಗು ಬಾಗಿಲಲ್ಲಿ ನಿಂತರೆ, ಯಾರ ಮಗ, ಏನು ಕೆಲಸ ಎಂಬ ಪ್ರಶ್ನೆ. ಮಕ್ಕಳ ಪುಸ್ತಕ ಆ ಕೋಣೆಯಲ್ಲಿ ಇದ್ದರೂ ಅವುಗಳಿಗೆಂದು ಬೇರೆ ಮೂಲೆ ಇರಲಿಲ್ಲ. ಕಾದಂಬರಿ, ಧರ್ಮ, ಸ್ಪರ್ಧಾ ಪರೀಕ್ಷೆಗಳ ನಡುವೆ ಸಿಕ್ಕಿಕೊಂಡಿದ್ದವು.

ಹಾಗಾದರೆ ಮಕ್ಕಳಿಗೆ ಪುಸ್ತಕ ಇರಬೇಕಾದ್ದು ಶಾಲೆಯಲ್ಲಿ. ಅಲ್ಲಿತ್ತು ಕೂಡ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಶುರುವಾಯಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಪಾಠೋಪಕರಣ, ಅವುಗಳ ಜೊತೆ ಪುಸ್ತಕಗಳು. ಪುಸ್ತಕ ಬಂದವು, ದಾಸ್ತಾನು ವಹಿಯಲ್ಲಿ ಏರಿದವು, ಕಪಾಟು ಸೇರಿದವು, ಬೀಗ ಬಿತ್ತು.

ಈ ಬೀಗಕ್ಕಾಗಿ ಮಾಸ್ತರರನ್ನು ದೂರುವುದು ಸುಲಭ. ಅವರ ಕುರ್ಚಿಯಲ್ಲಿ ಕೂತು ನೋಡಬೇಕು. ಪುಸ್ತಕ ಒಂದು ಸರಕಾರಿ ಆಸ್ತಿ. ವಹಿಯಲ್ಲಿ ಅದಕ್ಕೊಂದು ಕ್ರಮಸಂಖ್ಯೆ, ಒಂದು ಬೆಲೆ. ವರ್ಗವಾಗಿ ಹೋಗುವ ದಿನ ಹೊಸಬರಿಗೆ ಎಣಿಸಿ ಒಪ್ಪಿಸಬೇಕು. ಕಡಿಮೆ ಬಿದ್ದರೆ ಉತ್ತರ ಕೊಡಬೇಕು, ಇಲ್ಲವೇ ತನ್ನ ಕೈಯಿಂದ ತುಂಬಬೇಕು ಎಂಬ ಭಯ. ಮಗುವೊಂದು ಪುಸ್ತಕ ಒಯ್ದು ಮಳೆಯಲ್ಲಿ ನೆನೆಸಿಕೊಂಡು ಬಂದರೆ ಅದು ವಹಿಯಲ್ಲಿ ನಷ್ಟ. ಬೀಗದೊಳಗೆ ಇದ್ದ ಪುಸ್ತಕಕ್ಕೆ ನಮ್ಮ ಕರಾವಳಿಯ ಮಳೆಗಾಲದ ಥಂಡಿ ಹಿಡಿದು, ಬೂಷ್ಟು ಬಂದು, ಒರಲೆ ತಿಂದು, ಹಾಳೆಗೆ ಹಾಳೆ ಅಂಟಿಕೊಂಡರೂ ವಹಿಯ ಪ್ರಕಾರ ಅದು ಇದೆ. ಓದಿ ಹರಿದದ್ದು ತಪ್ಪು, ಓದದೆ ಕೊಳೆತದ್ದು ಸರಿ ಎಂದು ಹೇಳುವ ಲೆಕ್ಕದ ಪುಸ್ತಕವನ್ನು ಮಾಸ್ತರು ಬರೆದದ್ದಲ್ಲ. ಆ ಲೆಕ್ಕವನ್ನು ಮೀರಿ, ಶನಿವಾರ ಮಧ್ಯಾಹ್ನ ಕಪಾಟು ತೆಗೆದು, ಹೆಸರು ಬರೆದುಕೊಂಡು ಪುಸ್ತಕ ಹಂಚಿದ ಮಾಸ್ತರರು, ಅಕ್ಕೋರುಗಳು ನಮ್ಮ ಸೀಮೆಯಲ್ಲಿ ಇದ್ದರು. ಅವರು ತಮ್ಮ ಸಂಬಳವನ್ನು ಪಣಕ್ಕಿಟ್ಟು ಆ ಕೆಲಸ ಮಾಡಿದರು. ಸ್ಮರಣ ಸಂಚಿಕೆಯಲ್ಲಿ ಒಂದು ಪುಟ ಇವರಿಗೂ ಸಲ್ಲಬೇಕು.

ಬಾಗಿಲು ಮುಚ್ಚಿದ ಕಡೆ ಓದು ಬೇರೆ ಸಂದಿಯಿಂದ ನುಸುಳಿತು. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯ ‘ಚಂದಮಾಮ’, ‘ಬಾಲಮಿತ್ರ’; ಒಬ್ಬರು ಕೊಂಡರೆ ಕೇರಿಯ ಎಲ್ಲರೂ ಓದುತ್ತಿದ್ದ ಪತ್ರಿಕೆಗಳವು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಸಾಹಿತ್ಯ ತಂದ ‘ಭಾರತ ಭಾರತಿ’ಯ ಐನೂರಕ್ಕೂ ಹೆಚ್ಚು ಕಿರುಹೊತ್ತಿಗೆಗಳು, ಚೀಲದಲ್ಲಿ ಹತ್ತು ಹಿಡಿಯುವಷ್ಟು ಚಿಕ್ಕವು, ಮಕ್ಕಳ ಕೈಗೆ ಹೇಳಿ ಮಾಡಿಸಿದಂಥವು. ಕಾರ್ಕಳದ ಅನಂತ ಪೈಯವರ ಅಮರ ಚಿತ್ರಕಥೆ.

ಬರೆಯುವವರೂ ನಿಲ್ಲಲಿಲ್ಲ. ಹೊನ್ನಾವರ ತಾಲೂಕಿನ ಆರ್.ವಿ. ಭಂಡಾರಿಯವರು ಯಕ್ಷಗಾನ, ವಿಮರ್ಶೆಗಳ ಜೊತೆಗೆ ಮಕ್ಕಳ ನಾಟಕ, ಕಾದಂಬರಿಗಳನ್ನು ಬರೆದರು. ಬಡವರ ಮನೆಯ ಮಗುವನ್ನು ಕಥೆಯ ನಡುವೆ ತಂದು ನಿಲ್ಲಿಸಿದರು. ಸಿದ್ದಾಪುರದ ತಮ್ಮಣ್ಣ ಬೀಗಾರರು ವೃತ್ತಿಯಿಂದ ಶಿಕ್ಷಕರು, ಮಲೆನಾಡಿನ ಹಕ್ಕಿ, ಹೊಳೆ, ಕಾಡಿನ ಮಕ್ಕಳ ಬಗ್ಗೆ ಬರೆಯುತ್ತ ಬಂದವರು. ಅವರ ‘ಬಾವಲಿ ಗುಹೆ’ಗೆ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಈ ಪುರಸ್ಕಾರ ಶುರುವಾದದ್ದೇ 2010ರಲ್ಲಿ. ಮೊದಲ ಬಾರಿ ಕನ್ನಡದಲ್ಲಿ ಅದನ್ನು ಪಡೆದವರು ಬೊಳುವಾರು ಮಹಮದ್ ಕುಂಞಿ, ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ. ಕರಾವಳಿ, ಮಲೆನಾಡುಗಳ ಹೆಸರು ಈ ಪಟ್ಟಿಯಲ್ಲಿ ಹೀಗೆ ಕೂತದ್ದು ನನಗೆ ಬಹಳ ಸಂತೋಷದ ಸಂಗತಿ.

ಎರಡು ದಾರಿಗಳು ಕೂಡಿದ್ದು 2019ರ ನಂತರ. ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚು. ಮರುವರ್ಷ ಕೊರೋನಾ ಬಂದು ಶಾಲೆಗೆ ಬೀಗ ಬಿತ್ತು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ, ಠೇವಣಿ ಇಲ್ಲ, ಮಗುವಿನ ಹೆಸರಿನಲ್ಲೇ ಕಾರ್ಡು, ಪುಸ್ತಕ ಮನೆಗೆ. ಶಾಲೆಯಿಲ್ಲದ ಆ ದಿನಗಳಲ್ಲಿ ಮಕ್ಕಳು ಗ್ರಂಥಾಲಯಕ್ಕೆ ಬಂದರು. ಗೋಡೆಗಳಿಗೆ ಬಣ್ಣ ಬಂತು, ಮಕ್ಕಳ ಎತ್ತರಕ್ಕೆ ಕಪಾಟು ಬಂತು, ಊರವರಿಂದ ಪುಸ್ತಕ ಬೇಡಿ ತರುವ ಜೋಳಿಗೆ ಬಂತು. ಮುಂದೆ ಇವೇ ‘ಅರಿವು ಕೇಂದ್ರ’ಗಳೆಂದು ಕರೆಸಿಕೊಂಡವು. ಬೇಸಿಗೆ ರಜೆಯಲ್ಲಿ ಅಲ್ಲಿ ಶಿಬಿರ, ಗಟ್ಟಿ ಓದು, ಕಥೆ ಹೇಳುವುದು, ಚಿತ್ರ ಬರೆಯುವುದು.

ಇದನ್ನು ಆಗುಮಾಡಿದವರು ಯೋಜನೆ ಬರೆದವರಷ್ಟೇ ಅಲ್ಲ. ಗ್ರಂಥಾಲಯ ಮೇಲ್ವಿಚಾರಕರೆಂಬ ಹುದ್ದೆಯವರು ವರ್ಷಗಟ್ಟಲೆ ಜುಜುಬಿ ಗೌರವ ಸಂಭಾವನೆಗೆ ಬೆಳಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ಬಾಗಿಲು ತೆಗೆದು ಕೂತವರು. ಕೀಲಿಕೈ ಅವರ ಬಳಿಯೇ ಇತ್ತು, ತೆಗೆಯಲು ಅಪ್ಪಣೆ ಈಗ ಸಿಕ್ಕಿತು. ತೆಗೆದ ಮೇಲೆ ಯಾವ ಪುಸ್ತಕ ಯಾವ ಮಗುವಿಗೆ ಎಂದು ಗೊತ್ತಿರುವುದು ಅವರಿಗೇ. ಈ ಗೊತ್ತನ್ನು ಯಾವ ಸುತ್ತೋಲೆಯೂ ಕೊಡಲಾರದು. ಮಕ್ಕಳ ಸಾಹಿತ್ಯ ಓದುವುದಕ್ಕೆ ಅವರಿಗೇ ತರಬೇತಿ, ಸಮಯ, ನೆಟ್ಟಗಿನ ಸಂಬಳ ಬೇಕು.

ಒಂದು ಗಂಟು ಮಾತ್ರ ಇನ್ನೂ ಬಿಚ್ಚಿಲ್ಲ. ಸರಕಾರ ಗ್ರಂಥಾಲಯಗಳಿಗಾಗಿ ಸಗಟು ಖರೀದಿಯಲ್ಲಿ ಒಂದು ಪುಸ್ತಕದ ಸಾಮಾನ್ಯವಾಗಿ 300 ಪ್ರತಿ ಕೊಳ್ಳುತ್ತದೆ. ಪಂಚಾಯತಿ ಗ್ರಂಥಾಲಯಗಳೇ 5,600 ದಾಟುತ್ತವೆ. ಲೆಕ್ಕ ಹಾಕಿದರೆ ಸಿದ್ದಾಪುರದ ಮಾಸ್ತರರೊಬ್ಬರು ಬರೆದು ದೆಹಲಿಯಲ್ಲಿ ಬಹುಮಾನ ಪಡೆದ ಪುಸ್ತಕ ಕುಮಟಾ ತಾಲೂಕಿನ ಒಂದು ಪಂಚಾಯತಿಗೆ ಬಂದೀತೆಂಬ ಭರವಸೆಯಿಲ್ಲ. ಮಕ್ಕಳ ಪುಸ್ತಕಕ್ಕೆ ಈ 300ರ ಮಿತಿಯನ್ನು ಸಡಿಲಿಸಬೇಕು. ಹರಿದ ಪುಸ್ತಕವನ್ನು ವಹಿಯಿಂದ ತೆಗೆದುಹಾಕುವ ಅಧಿಕಾರ ಮೇಲ್ವಿಚಾರಕರಿಗೇ ಇರಬೇಕು, ಆ ಜಾಗಕ್ಕೆ ಅದೇ ಪುಸ್ತಕದ ಹೊಸ ಪ್ರತಿ ಬರಬೇಕು. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪಗಳ ಜೊತೆ ಇದನ್ನೂ ಎತ್ತಿ ಕೇಳಬಹುದು. ಮನೆಪಟ್ಟಿಯ ರಶೀದಿಯಲ್ಲಿನ ಆ 6 ಪೈಸೆಯ ಸಾಲು ಕೇಳುವ ಹಕ್ಕನ್ನು ಕೊಟ್ಟಿದೆ.